ಪಾಲಿಮರ್ ಫಿಲ್ಮಿನ ನ್ಯಾನೊ ಗೆರೆಗಳನ್ನು ಬಿಸಿ ಕೊಟ್ಟು ಸಾಲಾಗಿಸುವುದು: ಮಲೆನಾಡಿನ ಲ್ಯಾಬಿಗೆ ಒಂದು ಮಾರ್ಗದರ್ಶಿ

ಸಂಶೋಧನಾ ಪೇಪರುಗಳಲ್ಲಿ ಈ ಕೆಲಸ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಫಿಲ್ಮನ್ನು ವ್ಯಾಕ್ಯೂಮ್‌ನಲ್ಲಿಟ್ಟು 190 ಡಿಗ್ರಿಯಲ್ಲಿ ಒಂದು ದಿನ ಅನೀಲ್ ಮಾಡಲಾಯಿತು (ಅಂದರೆ ಬಿಸಿಯಲ್ಲಿಟ್ಟು ಹದ ಮಾಡಲಾಯಿತು), ಅಷ್ಟೆ. ಆ ಸಾಲು ಬರೆದವರ ಲ್ಯಾಬಿನಲ್ಲಿ ಗಾಳಿ ಒಣಗಿರುತ್ತದೆ, ಕರೆಂಟ್ ಹೋಗುವುದಿಲ್ಲ. ಶಿವಮೊಗ್ಗ, ಶಂಕರಘಟ್ಟ, ತೀರ್ಥಹಳ್ಳಿ, ಸಾಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಎರಡನ್ನೂ ನಂಬುವ ಹಾಗಿಲ್ಲ. ಕುವೆಂಪು ವಿಶ್ವವಿದ್ಯಾಲಯದಲ್ಲೋ ಶಿವಮೊಗ್ಗದ ಯಾವುದಾದರೂ ಕಾಲೇಜಿನಲ್ಲೋ ಎಂಎಸ್ಸಿ ಪ್ರಾಜೆಕ್ಟಿಗೆ, ಪಿಎಚ್‌ಡಿಗೆ ಈ ವಿಷಯ ಹಿಡಿದವರಿಗೆ ಆ ಒಂದು ಸಾಲನ್ನು ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬಿಸಿ ದಿಕ್ಕು ಕೊಡುವುದಿಲ್ಲ. ಬಿಸಿ ಕೊಟ್ಟರೆ ಪಾಲಿಮರ್ ಸರಪಳಿಗಳಿಗೆ ಅಲ್ಲಾಡಲು ಬಿಡುವು ಸಿಗುತ್ತದೆ. ಯಾವ ಕಡೆಗೆ ಸಾಲಾಗಬೇಕು ಅನ್ನುವುದನ್ನು ಬೇರೆ ಯಾವುದೋ ಹೇಳಬೇಕು: ತಳದ ಮೇಲ್ಮೈ, ಫಿಲ್ಮಿನ ದಪ್ಪ, ಬದಿಯ ಗೋಡೆ, ಇಲ್ಲವೇ ಒಂದು ಎಳೆತ. ಇದನ್ನು ತೀರ್ಮಾನಿಸದೆ ಸುಮ್ನೆ ಓವನ್ ಹಾಕಿ ಕೂತರೆ ವಾರ ಕಳೆದರೂ ಸುರುಳಿ ಸುರುಳಿ ಗೆರೆಗಳೇ ಸಿಗುತ್ತವೆ.

ಒಳಗೆ ನಡೆಯುವುದೇನು

ನಾವಿಲ್ಲಿ ಬಳಸುವುದು ಬ್ಲಾಕ್ ಕೋಪಾಲಿಮರ್. ಒಂದಕ್ಕೊಂದು ಬೆರೆಯದ ಎರಡು ಪಾಲಿಮರ್ ಸರಪಳಿಗಳನ್ನು ತುದಿಗೆ ತುದಿ ಸೇರಿಸಿ ಮಾಡಿದ ಅಣು ಅದು. ಎಣ್ಣೆ ನೀರಿನಂತೆ ಪೂರ್ತಿ ಬೇರೆಯಾಗಲು ಆಗುವುದಿಲ್ಲ, ಏಕೆಂದರೆ ತುದಿಯಲ್ಲಿ ಕೊಂಡಿ ಇದೆ. ಹಿಸ್ಸೆಯಾದ ಅಣ್ಣತಮ್ಮಂದಿರು ಹಳೇ ಮನೆಯ ನಡುವೆಯೇ ಗೋಡೆ ಎಬ್ಬಿಸಿಕೊಂಡು ಆಚೆ ಈಚೆ ಇರುವ ಹಾಗೆ, ಈ ಎರಡು ಭಾಗಗಳೂ 10ರಿಂದ 100 ನ್ಯಾನೊಮೀಟರ್ ಅಳತೆಯಲ್ಲಿ ಪಕ್ಕಪಕ್ಕದಲ್ಲೇ ಬೇರೆ ಬೇರೆ ಜಾಗ ಮಾಡಿಕೊಳ್ಳುತ್ತವೆ. ಎರಡೂ ಸರಿಸಮ ಇದ್ದರೆ ಪದರ ಪದರ. ಒಂದು ಸುಮಾರು 30 ಪರ್ಸೆಂಟ್ ಇದ್ದರೆ ಅದು ಸಿಲಿಂಡರ್ ಆಕಾರ ತಾಳುತ್ತದೆ. ಇನ್ನೂ ಕಡಿಮೆಯಾದರೆ ಉಂಡೆಗಳು.

ಬೇರೆಯಾಗುತ್ತವೋ ಇಲ್ಲವೋ ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಎರಡು ಪಾಲಿಮರುಗಳ ನಡುವಿನ ಫ್ಲೋರಿ–ಹಗಿನ್ಸ್ ಗುಣಾಂಕವನ್ನು (ಅವು ಎಷ್ಟರಮಟ್ಟಿಗೆ ಬೆರೆಯಲೊಲ್ಲವು ಅನ್ನುವುದರ ಅಳತೆ) ಸರಪಳಿಯ ಒಟ್ಟು ಘಟಕಗಳ ಸಂಖ್ಯೆಯಿಂದ ಗುಣಿಸಿ. ಸಮಪಾಲಿನ ಪಾಲಿಮರಿಗೆ ಈ ಗುಣಲಬ್ಧ 10.5 ದಾಟಬೇಕು. ಇದು 1980ರಲ್ಲಿ ಲೀಬ್ಲರ್ ಕೊಟ್ಟ ಲೆಕ್ಕ. ಪಾಲು ಏರುಪೇರಾದಷ್ಟೂ ಈ ಗಡಿ ಇನ್ನಷ್ಟು ಮೇಲೆ ಹೋಗುತ್ತದೆ.

ಯಾವ ಪಾಲಿಮರ್ ತರಿಸಬೇಕು

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಪಾಲಿಸ್ಟೈರೀನ್ ಮತ್ತು ಪಿಎಂಎಂಎ (ಅಕ್ರಿಲಿಕ್ ಹಾಳೆಯ ಪ್ಲಾಸ್ಟಿಕ್) ಜೋಡಿಯೇ. ಇದರ ಬಗ್ಗೆ ಸಾಹಿತ್ಯ ಬೇಕಾದಷ್ಟಿದೆ. ಎರಡೂ ನೀರು ಹೀರುವುದು ಕಡಿಮೆ. ಎರಡೂ ಕೋಣೆಯ ಬಿಸಿಗೆ ಗಾಜಿನಂತೆ ಗಟ್ಟಿ ಇರುತ್ತವೆ. ಮಲೆನಾಡಿಗೆ ಇದು ದೊಡ್ಡ ಅನುಕೂಲ. ಪಾಲಿಎಥಿಲೀನ್ ಆಕ್ಸೈಡ್ ಇರುವ ಪಾಲಿಮರುಗಳು ಮಳೆಗಾಲದ ಗಾಳಿಯಲ್ಲಿ ತೇವ ಹೀರಿ ತಮ್ಮ ರೂಪವನ್ನೇ ಬದಲಿಸಿಕೊಳ್ಳುತ್ತವೆ. ಅವುಗಳ ತಂಟೆಗೆ ಆಮೇಲೆ ಹೋಗಿ.

46,000 ಅಣುತೂಕದ ಪಾಲಿಸ್ಟೈರೀನ್, 21,000 ಅಣುತೂಕದ ಪಿಎಂಎಂಎ ಇರುವ ಬಗೆ ತುಂಬಾ ಬಳಕೆಯಲ್ಲಿದೆ. ಇದರಲ್ಲಿ ಪಿಎಂಎಂಎ ಸಿಲಿಂಡರುಗಳಾಗುತ್ತದೆ. ಸಾಲಿನಿಂದ ಸಾಲಿಗೆ ಅಂತರ ಸುಮಾರು 35 ನ್ಯಾನೊಮೀಟರ್. ಲೆಕ್ಕ ಹಾಕಿ ನೋಡೋಣ. ಒಟ್ಟು ಸುಮಾರು 650 ಘಟಕಗಳು. ಗುಣಾಂಕ 180 ಡಿಗ್ರಿಯಲ್ಲಿ 0.037ರ ಹತ್ತಿರ, 250 ಡಿಗ್ರಿಯಲ್ಲಿ 0.035ರ ಹತ್ತಿರ. ಗುಣಿಸಿದರೆ ಎರಡು ಕಡೆಯೂ 23, 24 ಬರುತ್ತದೆ. ಅಂದರೆ ಈ ಜೋಡಿಯನ್ನು ಎಷ್ಟು ಬಿಸಿ ಮಾಡಿದರೂ ಅದು ಮತ್ತೆ ಬೆರೆತುಹೋಗುವುದಿಲ್ಲ, ಅದಕ್ಕೆ ಮೊದಲೇ ಕೆಟ್ಟುಹೋಗುತ್ತದೆ. ಹಾಗಾಗಿ ಬಿಸಿಯ ಮೇಲ್ಮಿತಿಯನ್ನು ಇಲ್ಲಿ ನಿರ್ಧರಿಸುವುದು ಪಾಲಿಮರ್ ಒಡೆಯುವ ತಾಪಮಾನ. ಇನ್ನೊಂದು ಸಂಗತಿ: ಗೆರೆ ಇನ್ನೂ ಸಣ್ಣ ಬೇಕು ಅಂತ ಒಟ್ಟು ಅಣುತೂಕ 30,000ಕ್ಕಿಂತ ಕೆಳಗಿನದನ್ನು ತರಿಸಬೇಡಿ. ಅದು ಬೇರೆಯಾಗುವುದೇ ಇಲ್ಲ.

ಮಲಗಿಸಬೇಕೋ ನಿಲ್ಲಿಸಬೇಕೋ

ಸಿಲಿಂಡರುಗಳು ತಳಕ್ಕೆ ಸಮಾನಾಂತರವಾಗಿ ಮಲಗಬಹುದು, ಇಲ್ಲವೇ ಕಂಬದಂತೆ ನಿಲ್ಲಬಹುದು. ಗೆರೆಗಳ ಸಾಲು ಬೇಕಿದ್ದರೆ ಮಲಗಿಸಬೇಕು. ರಂಧ್ರಗಳ ಜಾಲರಿ ಬೇಕಿದ್ದರೆ, ಉದಾಹರಣೆಗೆ ಸೋಸುವ ಪೊರೆ ಮಾಡಬೇಕಿದ್ದರೆ, ನಿಲ್ಲಿಸಬೇಕು.

ನಮ್ಮ ತಳ ಸಿಲಿಕಾನ್ ವೇಫರ್, ಅಂದರೆ ಸಿಲಿಕಾನಿನ ತೆಳು ಬಿಲ್ಲೆ. ಅದರ ಮೇಲೆ ತಾನಾಗಿಯೇ ಬೆಳೆದ ಆಕ್ಸೈಡ್ ಪದರ ಇರುತ್ತದೆ. ಅದಕ್ಕೆ ಪಿಎಂಎಂಎ ಅಂದರೆ ಇಷ್ಟ. ಪಿಎಂಎಂಎ ತಳಕ್ಕೆ ಅಂಟಿ ಹರಡಿಕೊಳ್ಳುತ್ತದೆ, ಆಗ ಸಿಲಿಂಡರುಗಳು ಮಲಗುತ್ತವೆ. ಏನೂ ಮಾಡದಿದ್ದರೆ ಸಿಗುವುದು ಇದೇ.

ನಿಲ್ಲಿಸಬೇಕಿದ್ದರೆ ತಳ ಯಾರ ಪಕ್ಷವನ್ನೂ ವಹಿಸಬಾರದು. ಅದಕ್ಕೆ ಪಾಲಿಸ್ಟೈರೀನ್, ಪಿಎಂಎಂಎ ಎರಡೂ ಅಡ್ಡಾದಿಡ್ಡಿ ಬೆರೆತ ರ‍್ಯಾಂಡಮ್ ಕೋಪಾಲಿಮರನ್ನು ತೆಳುವಾಗಿ ತಳಕ್ಕೆ ಅಂಟಿಸುತ್ತಾರೆ. ಲ್ಯಾಬುಗಳಲ್ಲಿ ಇದಕ್ಕೆ ಬ್ರಷ್ ಅನ್ನುತ್ತಾರೆ. 1997ರಲ್ಲಿ ಮ್ಯಾನ್ಸ್ಕಿ, ರಸೆಲ್ ಮತ್ತು ಸಂಗಡಿಗರು ತೋರಿಸಿಕೊಟ್ಟ ದಾರಿ ಇದು. ಸ್ಟೈರೀನ್ ಸುಮಾರು 60 ಪರ್ಸೆಂಟ್ ಇರುವ, ತುದಿಯಲ್ಲಿ ಹೈಡ್ರಾಕ್ಸಿಲ್ ಇರುವ ಬಗೆ ತರಿಸಿ. ಮೇಲಿನ ಗಾಳಿಯ ಕಡೆಯ ಚಿಂತೆ ಬೇಡ. 180ರಿಂದ 250 ಡಿಗ್ರಿ ನಡುವೆ ಎರಡು ಪಾಲಿಮರುಗಳ ಮೇಲ್ಮೈ ಶಕ್ತಿ ಹೆಚ್ಚುಕಮ್ಮಿ ಒಂದೇ ಇರುತ್ತದೆ. ಈ ಜೋಡಿ ಇಷ್ಟು ಜನಪ್ರಿಯ ಆಗಲು ಅದೂ ಒಂದು ಕಾರಣ.

ವೇಫರ್ ಸಿದ್ಧ ಮಾಡುವುದು

ವೇಫರಿನ ಅಂಚಿನಲ್ಲಿ ಡೈಮಂಡ್ ಪೆನ್ನಿನಿಂದ ಚಿಕ್ಕ ಗೀರು ಹಾಕಿ ಒತ್ತಿದರೆ ನೇರವಾಗಿ ಒಡೆಯುತ್ತದೆ. ಒಂದು ಸೆಂಟಿಮೀಟರ್ ಚೌಕ ಸಾಕು. ಅಸಿಟೋನ್, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್), ಡಿಸ್ಟಿಲ್ಡ್ ನೀರು, ಇದೇ ಕ್ರಮದಲ್ಲಿ ಸೋನಿಕೇಟರಿನಲ್ಲಿ ಐದೈದು ನಿಮಿಷ ತೊಳೆಯಿರಿ. ಅಸಿಟೋನ್ ಒಣಗಲು ಬಿಡಬೇಡಿ, ಕಲೆ ಉಳಿಯುತ್ತದೆ. ಆಮೇಲೆ ಯುವಿ ಓಝೋನ್ ಇಲ್ಲವೇ ಆಕ್ಸಿಜನ್ ಪ್ಲಾಸ್ಮಾ. ಎರಡೂ ಇಲ್ಲದ ಕಡೆ ಪಿರಾನ್ಹಾ ದ್ರಾವಣ ಮಾಡೋಣ ಅನ್ನಿಸುತ್ತದೆ. ಸಲ್ಫ್ಯೂರಿಕ್ ಆಸಿಡ್ ಮತ್ತು ಹೈಡ್ರೋಜನ್ ಪೆರಾಕ್ಸೈಡಿನ ಆ ಮಿಶ್ರಣಕ್ಕೆ ಒಂದು ತೊಟ್ಟು ಅಸಿಟೋನ್ ಬಿದ್ದರೂ ಸಿಡಿಯುತ್ತದೆ. ಅನುಭವಸ್ಥರು ಪಕ್ಕದಲ್ಲಿಲ್ಲದೆ ಅದನ್ನು ಮುಟ್ಟಬೇಡಿ.

ತೊಳೆದ ವೇಫರನ್ನು 150 ಡಿಗ್ರಿಯ ಹಾಟ್ ಪ್ಲೇಟ್ ಮೇಲೆ ಹತ್ತು ನಿಮಿಷ ಇಡಿ. ಬಯಲುಸೀಮೆಯವರು ಈ ಹೆಜ್ಜೆ ಬಿಟ್ಟರೂ ನಡೆದೀತು. ನಮ್ಮಲ್ಲಿ ಬಿಡುವ ಹಾಗಿಲ್ಲ. ಮಳೆಗಾಲದಲ್ಲಿ ಆಕ್ಸೈಡಿನ ಮೇಲೆ ಸದಾ ನೀರಿನ ತೆಳು ಪೊರೆ ಕೂತಿರುತ್ತದೆ.

ಬ್ರಷ್ ಬೇಕಿದ್ದರೆ ಅದರ 1 ಪರ್ಸೆಂಟ್ ಟಾಲ್ವೀನ್ ದ್ರಾವಣವನ್ನು ಸ್ಪಿನ್ ಮಾಡಿ (ವೇಫರಿನ ಮೇಲೆ ಸುರಿದು ವೇಗವಾಗಿ ತಿರುಗಿಸಿ ತೆಳುವಾಗಿ ಹರಡಿ), ವ್ಯಾಕ್ಯೂಮ್‌ನಲ್ಲಿ 170 ಡಿಗ್ರಿಯಲ್ಲಿ ಎರಡು ದಿನ ಇಡಿ. ನೈಟ್ರೋಜನ್ ಸೌಕರ್ಯ ಇದ್ದರೆ 250 ಡಿಗ್ರಿಯಲ್ಲಿ ಕೆಲವೇ ನಿಮಿಷ ಸಾಕು. ಕರೆಂಟ್ ನಂಬಲಾಗದ ಕಡೆ ಈ ಎರಡನೇ ದಾರಿಯೇ ಮೇಲು. ಆಮೇಲೆ ಟಾಲ್ವೀನಿನಲ್ಲಿ ಎರಡು ಮೂರು ಸಲ ತೊಳೆದರೆ ಅಂಟದ್ದು ಹೋಗಿ, ಕೆಲವೇ ನ್ಯಾನೊಮೀಟರ್ ದಪ್ಪದ ಪದರ ಉಳಿಯುತ್ತದೆ. ಸರಿಯಾಗಿ ಅಂಟಿದೆಯೋ ಇಲ್ಲವೋ ಅಂತ ನೋಡಲು ದೊಡ್ಡ ಯಂತ್ರ ಬೇಡ. ಒಂದು ಹನಿ ನೀರು ಹಾಕಿ ಪಕ್ಕದಿಂದ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಬರೀ ಪಾಲಿಸ್ಟೈರೀನ್ ಮೇಲೆ ನೀರಿನ ಕೋನ ಸುಮಾರು 90 ಡಿಗ್ರಿ, ಪಿಎಂಎಂಎ ಮೇಲೆ ಸುಮಾರು 70. ನಿಮ್ಮದು ಇವೆರಡರ ನಡುವೆ ಬರಬೇಕು. ಹನಿ ಪೂರ್ತಿ ಹರಡಿಕೊಂಡರೆ ಬ್ರಷ್ ಅಂಟಿಲ್ಲ ಅಂತ ಅರ್ಥ.

ಫಿಲ್ಮ್ ಹಾಕುವುದು

ಒಂದು ಮಿಲಿಲೀಟರ್ ಟಾಲ್ವೀನಿಗೆ 10 ಮಿಲಿಗ್ರಾಂ ಪಾಲಿಮರ್ ಹಾಕಿ, ರಾತ್ರಿಯಿಡೀ ಕರಗಲು ಬಿಡಿ. 0.2 ಮೈಕ್ರಾನ್ ಪಿಟಿಎಫ್ಇ ಫಿಲ್ಟರಿನಲ್ಲಿ ಸೋಸಿ. 3000 ಆರ್‌ಪಿಎಂನಲ್ಲಿ ಒಂದು ನಿಮಿಷ ತಿರುಗಿಸಿದರೆ 30ರಿಂದ 40 ನ್ಯಾನೊಮೀಟರ್ ಸಿಗುತ್ತದೆ. ದಪ್ಪವು ವೇಗದ ವರ್ಗಮೂಲಕ್ಕೆ ವಿಲೋಮವಾಗಿ ಬದಲಾಗುತ್ತದೆ. 1500ಕ್ಕೆ ಇಳಿಸಿದರೆ ದಪ್ಪ ಸುಮಾರು 1.4 ಪಟ್ಟಾಗುತ್ತದೆ. ಈ ಒಂದು ಸೂತ್ರ ಇಟ್ಟುಕೊಂಡರೆ ಬೇಕಾದ ದಪ್ಪಕ್ಕೆ ಬೇಗ ಬರಬಹುದು.

ದಪ್ಪ ಯಾಕೆ ಇಷ್ಟು ಮುಖ್ಯ? ಮಲಗಿದ ರಚನೆಗೆ ಫಿಲ್ಮಿನ ದಪ್ಪ ಅದರ ಸಾಲಿನ ಅಂತರಕ್ಕೆ ಹೊಂದಬೇಕು. ಹೊಂದದಿದ್ದರೆ ಬಿಸಿ ಮಾಡಿದಾಗ ಫಿಲ್ಮು ಕೆಲವು ಕಡೆ ದಿಬ್ಬ, ಕೆಲವು ಕಡೆ ಗುಳಿ ಮಾಡಿಕೊಂಡು ತಾನೇ ಸರಿಹೊಂದಿಸಿಕೊಳ್ಳುತ್ತದೆ. ಸಾಮಾನ್ಯ ಆಪ್ಟಿಕಲ್ ಮೈಕ್ರೋಸ್ಕೋಪಿನಲ್ಲಿ ಇವು ಬೇರೆ ಬಣ್ಣದ ಮಚ್ಚೆಗಳಾಗಿ ಕಾಣುತ್ತವೆ. ಮಚ್ಚೆ ಕಂಡರೆ ಬೇಜಾರು ಮಾಡಿಕೊಳ್ಳಬೇಡಿ. ಸರಪಳಿಗಳು ಅಲ್ಲಾಡಿವೆ, ಬಿಸಿ ಕೆಲಸ ಮಾಡಿದೆ ಅನ್ನುವುದಕ್ಕೆ ಅದು ಸಾಕ್ಷಿ. ಮುಂದಿನ ಸಲ ವೇಗ ಸ್ವಲ್ಪ ಬದಲಿಸಿ.

ಈಗ ತೇವದ ವಿಷಯ. ಟಾಲ್ವೀನ್ ಆರುವಾಗ ಫಿಲ್ಮಿನ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಅಲ್ಲಿ ಸಣ್ಣ ಸಣ್ಣ ನೀರಿನ ಹನಿಗಳು ಕೂರುತ್ತವೆ. ಹನಿ ಆರಿದ ಮೇಲೆ ಅಲ್ಲೊಂದು ಗುಂಡಿ. ಫಿಲ್ಮು ಮಬ್ಬಾಗಿ, ಹಾಲು ಬಣ್ಣಕ್ಕೆ ತಿರುಗಿದ್ದರೆ ಇದೇ ಆಗಿದೆ ಅಂತ ತಿಳಿಯಿರಿ. ಕ್ಲೋರೋಫಾರ್ಮ್, ಟಿಎಚ್‌ಎಫ್ ದ್ರಾವಕಗಳು ಇನ್ನೂ ಬೇಗ ಆರುವುದರಿಂದ ಅವುಗಳಲ್ಲಿ ಈ ಕಾಟ ಜಾಸ್ತಿ. ಮಳೆಗಾಲದಲ್ಲಿ ಅವನ್ನು ಬಿಟ್ಟುಬಿಡಿ. ಟಾಲ್ವೀನಿನಲ್ಲೂ ತೊಂದರೆಯಾದರೆ ಸ್ಪಿನ್ ಕೋಟರಿನ ಬಟ್ಟಲಿನೊಳಗೆ ಒಣ ನೈಟ್ರೋಜನ್ ಮೆಲ್ಲಗೆ ಹಾಯಿಸಿ. ಜೋರಾಗಿ ಬಿಟ್ಟರೆ ಫಿಲ್ಮಿನ ಮೇಲೆ ಪಟ್ಟೆ ಬೀಳುತ್ತದೆ. ಒಂದು ಅಗ್ಗದ ಹೈಗ್ರೋಮೀಟರ್ ಕೋಟರಿನ ಪಕ್ಕದಲ್ಲೇ ಇರಲಿ. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ತೇವ ಇಳಿಯುತ್ತದೆ, ಆಗ ಕೋಟ್ ಮಾಡುವುದು ವಾಸಿ. ಆಷಾಢದ ಮಳೆ ಹಿಡಿದಾಗ ಬೆಳಿಗ್ಗೆ ಮಧ್ಯಾಹ್ನ ಅಂತ ವ್ಯತ್ಯಾಸವೇ ಇರುವುದಿಲ್ಲ, ಆಗ ನೈಟ್ರೋಜನ್ ಒಂದೇ ದಾರಿ.

ಕೋಟ್ ಮಾಡಿದ ತುಂಡುಗಳನ್ನು ಸಿಲಿಕಾ ಜೆಲ್ ಇರುವ ಡೆಸಿಕೇಟರಿಗೆ ಹಾಕಿ. ನೀಲಿ ಹರಳು ಗುಲಾಬಿ ಆಗಿದ್ದರೆ ಅದರ ಕೆಲಸ ಮುಗಿದಿದೆ. 120 ಡಿಗ್ರಿ ಓವನ್‌ನಲ್ಲಿ ಒಣಗಿಸಿ ಮತ್ತೆ ಹಾಕಿ. (ಮೈಕ್ರೋಸ್ಕೋಪಿನ ಲೆನ್ಸುಗಳನ್ನೂ ಇದೇ ರೀತಿ ಕಾಪಾಡಬೇಕು. ನಮ್ಮ ಕಡೆ ಲೆನ್ಸಿಗೆ ಬೂಷ್ಟು ಹಿಡಿಯಲು ಒಂದು ಮಳೆಗಾಲ ಸಾಕು.)

ಬಿಸಿ: ಎಷ್ಟು, ಎಷ್ಟು ಹೊತ್ತು, ಯಾವುದರಲ್ಲಿ

ಕೆಳಮಿತಿ ಯಾವುದು? ಪಾಲಿಸ್ಟೈರೀನ್ ಸುಮಾರು 100 ಡಿಗ್ರಿಗೆ ಗಾಜಿನ ಸ್ಥಿತಿಯಿಂದ ಮೆತ್ತಗಾಗುತ್ತದೆ, ಪಿಎಂಎಂಎ ಅದಕ್ಕಿಂತ ಸ್ವಲ್ಪ ಮೇಲೆ. ಇದನ್ನು ಲ್ಯಾಬುಗಳಲ್ಲಿ ಟಿಜಿ ಅನ್ನುತ್ತಾರೆ. ಟಿಜಿಯಿಂದ ಹತ್ತಿಪ್ಪತ್ತು ಡಿಗ್ರಿ ಮೇಲೆ ಇಟ್ಟರೆ ಚಲನೆ ಎಷ್ಟು ನಿಧಾನ ಅಂದರೆ ಇಟ್ಟೂ ಪ್ರಯೋಜನವಿಲ್ಲ. ತಾಪಮಾನ ಏರಿದಂತೆ ಚಲನೆ ಭರ್ರನೆ ಏರುತ್ತದೆ. ಮೇಲ್ಮಿತಿಗೆ ಬಂದರೆ, ವ್ಯಾಕ್ಯೂಮ್ ಇಲ್ಲವೇ ನೈಟ್ರೋಜನ್ ಇದ್ದರೆ 250 ಡಿಗ್ರಿಯನ್ನು ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ. ಆಕ್ಸಿಜನ್ ಇದ್ದರೆ ಅದಕ್ಕೆ ಬಹಳ ಮೊದಲೇ ಕೆಡಲು ಶುರು.

ಇದರಿಂದ ಎರಡು ದಾರಿ ಸಿಗುತ್ತದೆ. ವ್ಯಾಕ್ಯೂಮ್ ಓವನ್‌ನಲ್ಲಿ 180ರಿಂದ 190 ಡಿಗ್ರಿ, ಒಂದು ದಿನ. ಅಥವಾ ನೈಟ್ರೋಜನ್ ಹಾಯುವ ಮುಚ್ಚಿದ ಹಾಟ್ ಪ್ಲೇಟ್ ಮೇಲೆ 230ರಿಂದ 250 ಡಿಗ್ರಿ, ಐದು ನಿಮಿಷದಿಂದ ಒಂದು ಗಂಟೆ. ಪುಸ್ತಕಗಳು ಮೊದಲನೆಯದನ್ನೇ ಹೇಳುತ್ತವೆ. ಮಳೆಗಾಲದ ಮಲೆನಾಡಿಗೆ ನಾನು ಎರಡನೆಯದನ್ನೇ ಹೇಳುವುದು. ಒಂದು ಗಂಟೆ ಕರೆಂಟ್ ಇರುತ್ತದೆ ಅಂತ ನಂಬಬಹುದು, ಅಷ್ಟು ಹೊತ್ತಿಗೆ ಯುಪಿಎಸ್ ಕೂಡ ಹೊಂದಿಸಬಹುದು. ಗಾಳಿ ಮಳೆಗೆ ಲೈನ್ ಮೇಲೆ ಮರ ಬೀಳುವ ಕಾಲದಲ್ಲಿ ಇಡೀ ದಿನ ಇರುತ್ತದೆ ಅಂತ ಯಾರು ಹೇಳುತ್ತಾರೆ?

ಹಾಟ್ ಪ್ಲೇಟಿನ ಪರದೆ ಮೇಲಿನ ಅಂಕಿಯನ್ನು ನಂಬಬೇಡಿ. ಪ್ಲೇಟಿನ ನಡುವಿಗೂ ಅಂಚಿಗೂ ವ್ಯತ್ಯಾಸ ಇರುತ್ತದೆ, ನೈಟ್ರೋಜನ್ ಬಿಟ್ಟರೆ ಮೇಲ್ಮೈ ಇನ್ನಷ್ಟು ತಣ್ಣಗಾಗುತ್ತದೆ. ಬೇಡದ ವೇಫರ್ ತುಂಡಿಗೆ ಕೆ-ಟೈಪ್ ಥರ್ಮೋಕಪಲ್ (ತಾಪಮಾನ ಅಳೆಯುವ ತಂತಿ) ಅಂಟಿಸಿ ಅಳೆಯಿರಿ. ಥರ್ಮೋಕಪಲ್ ಕೂಡ ಸರಿ ಇದೆಯಾ ಅಂತ ಅನುಮಾನ ಬಂದರೆ ಕೆಮಿಸ್ಟ್ರಿ ವಿಭಾಗದಿಂದ ಚಿಟಿಕೆ ಬೆಂಜೋಯಿಕ್ ಆಸಿಡ್ ತನ್ನಿ. ಅದು 122 ಡಿಗ್ರಿಗೆ ಕರಗುತ್ತದೆ. ಶುದ್ಧ ತವರ 232 ಡಿಗ್ರಿಗೆ ಕರಗುತ್ತದೆ. ಈ ಎರಡು ಗುರುತು ಸಿಕ್ಕರೆ ನಿಮ್ಮ ಪ್ಲೇಟು ಎಷ್ಟು ಸುಳ್ಳು ಹೇಳುತ್ತದೆ ಅನ್ನುವುದು ಗೊತ್ತಾಗುತ್ತದೆ.

ವ್ಯಾಕ್ಯೂಮ್ ಓವನ್ನೇ ಗತಿ ಅನ್ನುವವರು ಈ ಭಾಗವನ್ನು ನಿಧಾನವಾಗಿ ಓದಿ. ಕರೆಂಟ್ ಹೋದಾಗ ಫಿಲ್ಮಿಗೆ ಏನೂ ಆಗುವುದಿಲ್ಲ. ಓವನ್ ತಣ್ಣಗಾಗುತ್ತದೆ, ಟಿಜಿ ಕೆಳಗೆ ಬಂದಾಗ ರಚನೆ ಇದ್ದಲ್ಲೇ ಗಟ್ಟಿಯಾಗುತ್ತದೆ, ಮತ್ತೆ ಬಿಸಿ ಮಾಡಿದರೆ ಅಲ್ಲಿಂದಲೇ ಮುಂದುವರಿಯುತ್ತದೆ. ತೊಂದರೆ ಇರುವುದು ಪಂಪಿನಲ್ಲಿ. ರೋಟರಿ ಪಂಪ್ ನಿಂತಾಗ ಓವನ್ ಒಳಗೆ ವ್ಯಾಕ್ಯೂಮ್, ಹೊರಗೆ ಗಾಳಿಯ ಒತ್ತಡ. ಪಂಪಿನಲ್ಲಿ ಹಿಂದೆ ಹರಿಯದಂತೆ ತಡೆಯುವ ವಾಲ್ವ್ ಇಲ್ಲದಿದ್ದರೆ ಎಣ್ಣೆ ಹಿಮ್ಮುಖವಾಗಿ ಪೈಪಿಗೆ, ಅಲ್ಲಿಂದ ಓವನ್‌ಗೆ ಏರುತ್ತದೆ. ಎಣ್ಣೆಯ ಆವಿ ಕೂತ ಫಿಲ್ಮನ್ನು ಬಿಸಾಡುವುದೇ.

ಅದಕ್ಕಿಂತ ಕೆಟ್ಟದ್ದು ಕರೆಂಟ್ ವಾಪಸ್ ಬಂದಾಗ ಆಗುತ್ತದೆ. ಒಳಗೆ ಗಾಳಿ ಸೇರಿಕೊಂಡಿದೆ, ಆದರೆ ಹೀಟರ್ ತಾನಾಗಿಯೇ ಆನ್ ಆಗಿ 190ಕ್ಕೆ ಏರುತ್ತದೆ. ಬೆಳಿಗ್ಗೆ ಬಂದು ನೋಡಿದರೆ ಗೇಜ್ ಚೆನ್ನಾಗಿಯೇ ಇರುತ್ತದೆ, ಏಕೆಂದರೆ ಪಂಪ್ ಕೂಡ ಮತ್ತೆ ಓಡಿದೆ. ಫಿಲ್ಮು ಮಾತ್ರ ಒಳಗಿಂದೊಳಗೆ ಸುಟ್ಟಿರುತ್ತದೆ. ಯಾಕೆ ಸಾಲಾಗಲಿಲ್ಲ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. ಇದಕ್ಕೆ ಪರಿಹಾರ ಸುಲಭ. ಎಲೆಕ್ಟ್ರಿಷಿಯನ್ ಹತ್ತಿರ ಹೀಟರ್ ಲೈನಿಗೆ ಒಂದು ಕಾಂಟ್ಯಾಕ್ಟರ್ ಹಾಕಿಸಿ. ಒಮ್ಮೆ ಕರೆಂಟ್ ಹೋದರೆ ಯಾರಾದರೂ ಬಂದು ಬಟನ್ ಒತ್ತುವವರೆಗೆ ಅದು ಆನ್ ಆಗುವುದಿಲ್ಲ. ಪಂಪಿಗೂ ಓವನ್ನಿಗೂ ನಡುವೆ, ಕರೆಂಟ್ ಹೋದ ಕೂಡಲೇ ಮುಚ್ಚಿಕೊಳ್ಳುವ ಸೊಲೆನಾಯ್ಡ್ ವಾಲ್ವ್ ಇರಲಿ. ತಾಪಮಾನವನ್ನು ದಾಖಲಿಸುವ ಚಿಕ್ಕ ಲಾಗರ್ ಒಂದು ಇದ್ದರೆ ಇನ್ನೂ ಒಳ್ಳೆಯದು. ಬ್ಯಾಟರಿಯದ್ದೇ ಇರಬೇಕು ಮತ್ತೆ! ಅನೀಲಿಂಗ್ ಸಮಯ ಅಂತ ನೋಟ್‌ಬುಕ್ಕಿನಲ್ಲಿ ಬರೆಯುವಾಗ ಗಡಿಯಾರದ ಗಂಟೆ ಬರೆಯಬೇಡಿ. ಬೇಕಾದ ತಾಪಮಾನದಲ್ಲಿ ನಿಜವಾಗಿ ಕಳೆದ ಗಂಟೆಗಳನ್ನು ಕೂಡಿಸಿ ಬರೆಯಿರಿ.

ಮುಗಿದ ಮೇಲೆ ಬಿಸಿ ಇರುವಾಗಲೇ ಗಾಳಿ ಬಿಡಬೇಡಿ. 80 ಡಿಗ್ರಿಗಿಂತ ಕೆಳಗೆ ಬರುವವರೆಗೆ ವ್ಯಾಕ್ಯೂಮ್ ಇರಲಿ. ಟಾಲ್ವೀನ್ ಬಾಟಲಿ ಹಾಟ್ ಪ್ಲೇಟಿನ ಹತ್ತಿರ ಸುಳಿಯಕೂಡದು. ಅದರ ಆವಿ ಬೆಂಕಿ ಹಿಡಿಯಲು 4 ಡಿಗ್ರಿ ಸಾಕು, ಅಂದರೆ ನಮ್ಮ ಡಿಸೆಂಬರ್ ಚಳಿಯಲ್ಲೂ ಅದು ಅಪಾಯವೇ.

ಒಂದೇ ದಿಕ್ಕಿಗೆ ಸಾಲಾಗಿಸುವುದು

ಇಷ್ಟು ಮಾಡಿದರೆ ಮಲಗಿದ ಸಿಲಿಂಡರುಗಳು ಬೆರಳಚ್ಚಿನಂಥ ಗೆರೆಗಳಾಗಿ ಕಾಣುತ್ತವೆ. ಅಲ್ಲಲ್ಲಿ ಸಾಲು, ಒಟ್ಟಾರೆ ದಿಕ್ಕಿಲ್ಲ. ಇನ್ನೂ ಜಾಸ್ತಿ ಹೊತ್ತು ಇಟ್ಟರೆ ಸರಿಹೋಗುತ್ತದಾ? ಹೋಗುವುದಿಲ್ಲ. 2000ರಲ್ಲಿ ಹ್ಯಾರಿಸನ್ ಮತ್ತು ಸಂಗಡಿಗರು ಇಂಥ ಗೆರೆಗಳನ್ನು ಬಿಸಿಯಲ್ಲಿಟ್ಟು ಗಮನಿಸಿದಾಗ, ಒಂದೇ ದಿಕ್ಕಿನ ತುಣುಕುಗಳ ಅಳತೆ ಸಮಯದ ನಾಲ್ಕನೇ ಮೂಲದಂತೆ ಬೆಳೆಯುತ್ತದೆ ಅಂತ ಕಂಡಿತು. ತುಣುಕು ಎರಡು ಪಟ್ಟಾಗಬೇಕಾದರೆ ಸಮಯ 16 ಪಟ್ಟು ಬೇಕು. ಒಂದು ದಿನದ್ದು ಹದಿನಾರು ದಿನವಾಗುತ್ತದೆ. ತಾಳ್ಮೆಯಿಂದ ಗೆಲ್ಲುವ ಆಟ ಅಲ್ಲ ಇದು.

ದಿಕ್ಕು ಕೊಡುವ ದಾರಿಗಳು ಹಲವು. ವೇಫರಿನಲ್ಲಿ ಸಣ್ಣ ಕಾಲುವೆ ಕೊರೆದು ಗೋಡೆಯ ಆಸರೆ ಕೊಡುವುದು ಒಂದು. ತಳದಲ್ಲಿ ರಾಸಾಯನಿಕ ಗೆರೆಗಳನ್ನು ಎಳೆಯುವುದು ಇನ್ನೊಂದು. ಎರಡಕ್ಕೂ ಲಿಥೋಗ್ರಫಿ, ಅಂದರೆ ಚಿಪ್ಪಿನ ಮೇಲೆ ಸೂಕ್ಷ್ಮ ವಿನ್ಯಾಸ ಮೂಡಿಸುವ ತಂತ್ರ, ಬೇಕು. ಚಿಪ್ ಮಾಡುವವರಿಗೆ ಅವೇ ಮುಖ್ಯ, ನಮ್ಮ ಲ್ಯಾಬುಗಳ ಕೈಗೆ ಎಟುಕುವುದು ಎಳೆತ.

ಬೇಕಾದ ಸಾಮಾನು: ಪಿಡಿಎಂಎಸ್ (ಒಂದು ಬಗೆಯ ಸಿಲಿಕೋನ್) ರಬ್ಬರ್, ಹಾಟ್ ಪ್ಲೇಟ್, ನೂಲು, ಒಂದು ರಾಟೆ, ತೂಕದ ಬಟ್ಟುಗಳು. ಆ ರಬ್ಬರ್ ಮಾಡುವ ಸಿಲ್ಗಾರ್ಡ್ 184 ಕಿಟ್ಟಿನ ಮೂಲ ದ್ರವ 10 ಪಾಲಿಗೆ ಗಟ್ಟಿಮಾಡುವ ದ್ರವ 1 ಪಾಲಿನಂತೆ ಬೆರೆಸಿ, ಗುಳ್ಳೆ ತೆಗೆದು, 65 ಡಿಗ್ರಿಯಲ್ಲಿ ನಾಲ್ಕು ಗಂಟೆ ಗಟ್ಟಿಯಾಗಲು ಬಿಡಿ. ಒಂದು ಸೆಂಟಿಮೀಟರ್ ಚೌಕದ ಪ್ಯಾಡ್ ಕತ್ತರಿಸಿ. ಅದನ್ನು ರಾತ್ರಿಯಿಡೀ ಹೆಕ್ಸೇನ್‌ನಲ್ಲಿ ನೆನೆಸಿ ಪೂರ್ತಿ ಒಣಗಿಸಿ. ಇದನ್ನು ಬಿಟ್ಟರೆ ರಬ್ಬರಿನಲ್ಲಿ ಉಳಿದ ಜಿಡ್ಡು ಫಿಲ್ಮಿಗೆ ಇಳಿಯುತ್ತದೆ, ಆಮೇಲೆ ಎಎಫ್‌ಎಂನಲ್ಲಿ (ಸೂಜಿಮೊನೆಯಿಂದ ಮೇಲ್ಮೈ ತಡವಿ ಚಿತ್ರ ತೆಗೆಯುವ ಮೈಕ್ರೋಸ್ಕೋಪ್) ಕಾಣುವುದು ಅದೇ.

ಈ ಕೆಲಸಕ್ಕೆ ಪ್ಯಾಡಿಗಿಂತ ದೊಡ್ಡ ವೇಫರ್ ತುಂಡು ತೆಗೆದುಕೊಳ್ಳಿ. ಬ್ರಷ್ ಬೇಡ, ಸಿಲಿಂಡರ್ ಮಲಗಿರಲಿ. ದಪ್ಪ ಸುಮಾರು ಒಂದು ಸಾಲಿನಷ್ಟೇ ಇರಲಿ. ವೇಫರನ್ನು ಪ್ಲೇಟಿಗೆ ಬಿಸಿ ತಡೆಯುವ ಕ್ಯಾಪ್ಟಾನ್ ಟೇಪಿನಿಂದ ಬಿಗಿಯಿರಿ. ಪ್ಯಾಡನ್ನು ಗುಳ್ಳೆ ಸೇರದಂತೆ ಒಂದು ಅಂಚಿನಿಂದ ಮೆಲ್ಲಗೆ ಕೂರಿಸಿ. ಪ್ಯಾಡಿನ ಮೇಲೆ ಚಿಕ್ಕ ಗಾಜಿನ ತುಂಡು ಅಂಟಿಸಿ, ಅದಕ್ಕೆ ಬಿಸಿ ತಡೆಯುವ ದಾರ ಕಟ್ಟಿ, ರಾಟೆಯ ಮೇಲೆ ಹಾಯಿಸಿ ತೂಕ ತೂಗುಬಿಡಿ. ಒಂದು ಚದರ ಸೆಂಟಿಮೀಟರ್ ಪ್ಯಾಡಿಗೆ 100 ಗ್ರಾಂ ತೂಕ ಅಂದರೆ ಎಳೆತ ಸುಮಾರು 10 ಕಿಲೋಪ್ಯಾಸ್ಕಲ್. ಅರ್ಧದಿಂದ ಶುರು ಮಾಡಿ ಮೇಲೇರಿಸಿ. 190 ಡಿಗ್ರಿ ಹತ್ತಿರ, ನೈಟ್ರೋಜನ್ ಅಡಿಯಲ್ಲಿ ಗಂಟೆಯಷ್ಟು ಹೊತ್ತು ಇಡಿ. ಬಿಸಿ ಆರಿಸಿದ ಮೇಲೂ ತೂಕ ತೆಗೆಯಬೇಡಿ. ಟಿಜಿ ಕೆಳಗೆ ಬಂದು ಗಟ್ಟಿಯಾದ ಮೇಲೆ ತೆಗೆಯಿರಿ. ಸಿಲಿಂಡರುಗಳು ಎಳೆದ ದಿಕ್ಕಿಗೇ ಮಲಗಿರುತ್ತವೆ. 2004ರಲ್ಲಿ ಪ್ರಿನ್ಸ್‌ಟನ್‌ನ ಅಂಜೆಲೆಸ್ಕು ಮತ್ತು ಸಂಗಡಿಗರು ಬೇರೊಂದು ಪಾಲಿಮರಿನಲ್ಲಿ ಇದೇ ತತ್ವ ಬಳಸಿ ಸೆಂಟಿಮೀಟರ್ ಅಳತೆಯವರೆಗೆ ಸಾಲು ತಂದರು.

ತೂಕವೂ ಬೇಡ, ಬರೀ ಬಿಸಿಯಿಂದಲೇ ಎಳೆತ ಬರಬೇಕು ಅಂದರೆ ಝೋನ್ ಅನೀಲಿಂಗ್ ಇದೆ. ಕಾದ ತಂತಿಯ ಮೇಲೆ ಸ್ಯಾಂಪಲನ್ನು ಒಂದೇ ವೇಗದಲ್ಲಿ ಮೆಲ್ಲಗೆ ಸರಿಸುತ್ತಾ ಹೋಗುವುದು, ತಂತಿಯ ಎರಡೂ ಬದಿಗೆ ತಣ್ಣನೆಯ ಲೋಹದ ದಿಮ್ಮಿ. 2007ರಲ್ಲಿ ಬೆರ್ರಿ, ಕರೀಂ ಮತ್ತು ಸಂಗಡಿಗರು ತೆಳು ಫಿಲ್ಮುಗಳಲ್ಲಿ ಇದನ್ನು ತೋರಿಸಿದರು. ಆಮೇಲೆ ಕರೀಂ ತಂಡದವರು ಇಂಥ ಫಿಲ್ಮಿನ ಮೇಲೆ ಪಿಡಿಎಂಎಸ್ ಪೊರೆ ಅಂಟಿಸಿ ಸರಿಸಿದರು. ಬಿಸಿಗೆ ಪಿಡಿಎಂಎಸ್ ಸಿಲಿಕಾನಿಗಿಂತ ನೂರು ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ. ಕಾದ ಗೆರೆ ಮುಂದೆ ಸರಿದಂತೆ ರಬ್ಬರು ಅಲ್ಲಲ್ಲೇ ಹಿಗ್ಗಿ ಕುಗ್ಗಿ, ಅಡಿಯ ಫಿಲ್ಮನ್ನು ಸರಿಯುವ ದಿಕ್ಕಿಗೆ ಉಜ್ಜುತ್ತದೆ. ನೈಕ್ರೋಮ್ ತಂತಿ, ಸ್ಟೆಪ್ಪರ್ ಮೋಟಾರ್, ಒಂದು ಲೀಡ್ ಸ್ಕ್ರೂ ಇದ್ದರೆ ಶಿವಮೊಗ್ಗದ ಯಾವ ಇಂಜಿನಿಯರಿಂಗ್ ಕಾಲೇಜಿನ ಹುಡುಗರೂ ಇದನ್ನು ಕಟ್ಟಿಕೊಡುತ್ತಾರೆ. ವೇಗ ಸೆಕೆಂಡಿಗೆ ಕೆಲವು ಮೈಕ್ರಾನ್‌ಗೆ ಇಳಿಯುವಂತಿರಬೇಕು, ಅದೊಂದೇ ಷರತ್ತು. ಮೋಟಾರು ಗಡಗಡ ಅಂದರೆ ಗೆರೆಯಲ್ಲೂ ಅದೇ ಕಾಣುತ್ತದೆ.

ನೋಡುವುದು, ಅಳೆಯುವುದು

ಪಾಲಿಸ್ಟೈರೀನ್, ಪಿಎಂಎಂಎ ಎರಡೂ ಗಟ್ಟಿ ಇರುವುದರಿಂದ ಎಎಫ್‌ಎಂನಲ್ಲಿ ವ್ಯತ್ಯಾಸ ಮಂಕಾಗಿ ಕಾಣಬಹುದು. ಹಾಗಾದರೆ 254 ನ್ಯಾನೊಮೀಟರ್ ಯುವಿ ದೀಪದಡಿ ಇಟ್ಟು, ಅಸಿಟಿಕ್ ಆಸಿಡ್‌ನಲ್ಲಿ ತೊಳೆಯಿರಿ. ಯುವಿ ಪಿಎಂಎಂಎ ಸರಪಳಿಯನ್ನು ತುಂಡರಿಸುತ್ತದೆ, ಪಾಲಿಸ್ಟೈರೀನನ್ನು ಒಂದಕ್ಕೊಂದು ಬೆಸೆಯುತ್ತದೆ. ಪಿಎಂಎಂಎ ಕರಗಿ ಹೋಗಿ ಹಳ್ಳ ಉಳಿಯುತ್ತದೆ, ಚಿತ್ರ ಸ್ಪಷ್ಟವಾಗುತ್ತದೆ.

ಸ್ಕ್ಯಾನ್ ಅಳತೆ 2 ಮೈಕ್ರಾನ್, 512 ಪಿಕ್ಸೆಲ್ ಇಡಿ. ಪಿಕ್ಸೆಲಿಗೆ ಸುಮಾರು 4 ನ್ಯಾನೊಮೀಟರ್, ಒಂದು ಸಾಲಿಗೆ ಎಂಟೊಂಬತ್ತು ಪಿಕ್ಸೆಲ್ ಸಿಗುತ್ತದೆ. ದೊಡ್ಡ ಚಿತ್ರ ಬೇಕು ಅಂತ 10 ಮೈಕ್ರಾನ್ ಹಾಕಿದರೆ ಸಾಲಿಗೆ ಎರಡು ಪಿಕ್ಸೆಲ್ ಕೂಡ ಬರುವುದಿಲ್ಲ. ಆಗ ಕಾಣುವ ಚೆಂದದ ಪಟ್ಟೆಗಳು ಸುಳ್ಳು ಪಟ್ಟೆಗಳು. ಇನ್ನೊಂದು ಪರೀಕ್ಷೆ ತಪ್ಪದೆ ಮಾಡಿ. ಸ್ಯಾಂಪಲನ್ನು 90 ಡಿಗ್ರಿ ತಿರುಗಿಸಿ ಮತ್ತೆ ಸ್ಕ್ಯಾನ್ ಮಾಡಿ. ಗೆರೆಗಳೂ ತಿರುಗಿದರೆ ನಿಜ. ತಿರುಗದೆ ಸ್ಕ್ಯಾನ್ ದಿಕ್ಕಿಗೇ ನಿಂತರೆ ಅದು ಯಂತ್ರದ ಕಂಪನ.

ಉಚಿತವಾಗಿ ಸಿಗುವ ಗ್ವಿಡ್ಡಿಯನ್ ತಂತ್ರಾಂಶದಲ್ಲಿ ಫೂರಿಯೆ ಚಿತ್ರ (ಗೆರೆಗಳ ಅಂತರ, ದಿಕ್ಕುಗಳನ್ನು ಚುಕ್ಕಿಗಳಾಗಿ ತೋರಿಸುವ ಚಿತ್ರ) ತೆಗೆಯಿರಿ. ಪೂರ್ತಿ ಉಂಗುರ ಬಂದರೆ ದಿಕ್ಕಿಲ್ಲ. ಎದುರುಬದುರು ಎರಡು ಚುಕ್ಕಿ ಬಂದರೆ ಸಾಲಾಗಿದೆ. ನಡುವಿನ ಸ್ಥಿತಿಯಲ್ಲಿ ಉಂಗುರ ಎರಡು ಕಮಾನುಗಳಾಗಿ ಒಡೆದಿರುತ್ತದೆ. ಸಂಖ್ಯೆ ಬೇಕಿದ್ದರೆ ಎಳೆದ ದಿಕ್ಕಿಗೂ ಗೆರೆಗಳಿಗೂ ನಡುವಿನ ಕೋನದಿಂದ ಆರ್ಡರ್ ಪ್ಯಾರಾಮೀಟರ್ ಲೆಕ್ಕ ಹಾಕಿ: ಕೋನದ ಕೊಸೈನ್ ವರ್ಗದ ಎರಡರಷ್ಟರಿಂದ ಒಂದು ಕಳೆದು ಸರಾಸರಿ ತೆಗೆಯುವುದು. 1 ಬಂದರೆ ಪೂರ್ತಿ ಸಾಲು, 0 ಬಂದರೆ ಗೊತ್ತುಗುರಿಯಿಲ್ಲ. ಪ್ಯಾಡಿನ ನಡುವೆ ಒಂದು, ನಾಲ್ಕು ಅಂಚಿನ ಹತ್ತಿರ ಒಂದೊಂದು ಕಡೆ ತೆಗೆದು ಎಲ್ಲವನ್ನೂ ಬರೆಯಿರಿ. ಚೆನ್ನಾಗಿ ಬಂದ ಒಂದೇ ಚಿತ್ರ ಹಾಕಿ ವರದಿ ಮುಗಿಸುವ ಚಾಳಿ ನಮ್ಮಲ್ಲಿ ಜಾಸ್ತಿ ಅಲ್ವಾ, ವೈವಾದಲ್ಲಿ ಹೊರಗಿನ ಪರೀಕ್ಷಕರು ಮೊದಲು ಕೇಳುವುದೇ ಅಂಚಿನ ಚಿತ್ರವನ್ನು.

ಎಎಫ್‌ಎಂ ಇಲ್ಲದ ಕಡೆಯವರಿಗೆ ಬೆಂಗಳೂರಿನ ಐಐಎಸ್ಸಿಯ ನ್ಯಾನೊ ಕೇಂದ್ರ ಇದೆ. ಹೊರಗಿನ ವಿದ್ಯಾರ್ಥಿಗಳು, ಅಧ್ಯಾಪಕರು ಅರ್ಜಿ ಹಾಕಿ ಅಲ್ಲಿನ ಉಪಕರಣ ಬಳಸಲು ಕೇಂದ್ರ ಸರ್ಕಾರದ ಐಎನ್‌ಯುಪಿ ಯೋಜನೆಯಡಿ ಅವಕಾಶ ಇದೆ. ಸ್ಯಾಂಪಲ್ ಒಯ್ಯುವಾಗ ಬಸ್ಸಿನ ಸೆಕೆಗೆ ಹೆದರಬೇಡಿ, 100 ಡಿಗ್ರಿ ಕೆಳಗೆ ಈ ಫಿಲ್ಮು ಅಲುಗುವುದಿಲ್ಲ. ಹೆದರಬೇಕಾದ್ದು ಗೀರಿಗೆ ಮತ್ತು ತೇವಕ್ಕೆ. ತುಂಡುಗಳನ್ನು ಮುಖ ಮೇಲಾಗಿ ವೇಫರ್ ಡಬ್ಬಿಯಲ್ಲಿ ಕೂರಿಸಿ, ಡಬ್ಬಿಯನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಜಿಪ್ ಕವರಿಗೆ ಹಾಕಿ. ಪ್ರತಿ ತುಂಡಿನ ಹಿಂಬದಿಗೆ ಡೈಮಂಡ್ ಪೆನ್ನಿನಿಂದ ಸಂಖ್ಯೆ, ಎಳೆದ ದಿಕ್ಕಿಗೆ ಒಂದು ಬಾಣ ಗೀರಿ. ಮಾರ್ಕರಿನಲ್ಲಿ ಬರೆದದ್ದು ಐಪಿಎ ತಾಗಿದರೆ ಅಳಿಸಿಹೋಗುತ್ತದೆ, ಆಮೇಲೆ ಯಾವುದನ್ನು ಯಾವ ಕಡೆಗೆ ಎಳೆದದ್ದು ಅಂತ ಹೇಳುವವರೇ ಇರುವುದಿಲ್ಲ.